ಹದಿನೆಂಟನೆಯ ಮನೆ

ನೋವಿಲ್ಲ ಎಂದ ತುರ್ದುಬೆಕ್. ನಾನು ಬೆಚ್ಚಿದ್ದು ಅದಕ್ಕೇ.
ಹೆಬ್ಬೆರಳ ಬುಡದಲ್ಲಿ ಇದ್ದಿಲ ಚೂರಿನಂತೆ
ಕೂತಿತ್ತು ಹಕ್ಕಳೆ. ಸುತ್ತ ನೀರ್ಗುಳ್ಳೆ. ಮೊಣಕೈತನಕ ಬಾವು.
"ಮುಳ್ಳು ಚುಚ್ಚಿರಬೇಕು, ಡಾಕ್ಟರಮ್ಮ."
ನಾನು ಡಾಕ್ಟರಲ್ಲ. ಈ ಕಣಿವೆಯ ಏಳು ಹಳ್ಳಿಗೆ
ಇಪ್ಪತ್ತಾರು ವರ್ಷದಿಂದ ಅರ್ಧ ಡಾಕ್ಟರು, ಪೂರ್ತಿ ಸೂಲಗಿತ್ತಿ.
ಮೊನ್ನೆ ಏನು ಕೊಯ್ದೆ, ಎಂದೆ.
ಉತ್ತರಕ್ಕೆ ಮುಂಚೆ ಅವನು ಟೋಪಿ ತೆಗೆದ.

ಹಸುವಿಗೆ ಮೈ ಸುಡುತ್ತಿತ್ತಂತೆ. ಮೆಲುಕು ನಿಂತಿತ್ತಂತೆ.
ಉಸಿರಿರುವಾಗಲೇ ದೇವರ ಹೆಸರು ಹೇಳಿ ಕತ್ತಿ ಹಾಕಿದರೆ
ಹಾಲು ಹೋದರೂ ಮಾಂಸವಾದರೂ ದಕ್ಕೀತು.
ರಕ್ತ ಹೆಪ್ಪುಗಟ್ಟಲಿಲ್ಲ, ಡಾಂಬರಿನ ಹಾಗೆ ಹರಿಯಿತು.
ಗುಲ್ಮ ಊದಿತ್ತು, ಕೈಯಿಟ್ಟರೆ ಕೆಸರು.
"ಕಂಡೆ," ಎಂದ ಗೋಡೆಯ ಕಡೆ ನೋಡುತ್ತ. "ನಾಯಿಗೆ ಎಸೆದೆ."

ನೆರಡಿ ಎನ್ನಿ, ಆಂಥ್ರಾಕ್ಸ್ ಎನ್ನಿ,
ಇಲ್ಲಿಯ ಅಜ್ಜಿಯರು ಕುಯ್ದುರ್ಗು ಅಂದರು, ಸುಡುವಂಥದು ಅಂತ.
ಸುಟ್ಟ ಗಾಯಕ್ಕೆ ಉರಿಯಾದರೂ ಇರುತ್ತದೆ.

ಇಲಾಖೆಯ ಫಾರಮ್ಮಿನಲ್ಲಿ ಒಂದು ಖಾನೆ: ಮಾಂಸ ಮುಟ್ಟಿದವರು.
ಅವನು ಒಳ್ಳೆಯ ಕೈಯ ಬೆರಳು ಮಡಚತೊಡಗಿದ.
ತೊಡೆ, ಅಣ್ಣ ಎಸೆನ್‌ಕುಲನಿಗೆ.
ಪಕ್ಕೆಲುಬು, ಟ್ರ್ಯಾಕ್ಟರು ಕೊಟ್ಟ ಮಮಾಸಾದಿಕನಿಗೆ.
ನಾಲಗೆ ಕಲಿಚಾ ಅಜ್ಜಿಗೆ, ಮೊಮ್ಮಗುವಿಗೆ ಮಾತು ತಡವಲ್ಲವೆ.
ಕೊಬ್ಬು, ಕೆಮ್ಮುವ ಗಣಿತದ ಮೇಷ್ಟ್ರಿಗೆ.
ಹೀಗೆ ಹದಿನೇಳು ಮನೆ.
ಪುಣ್ಯದ ಲೆಕ್ಕದಂತೆ ಅವನು ಹೇಳುತ್ತಿದ್ದ,
ರೋಗದ ಲೆಕ್ಕದಂತೆ ನಾನು ಬರೆಯುತ್ತಿದ್ದೆ.

ಒಲೆಯ ಮೇಲಿನ ಕಡಾಯಿಗಳನ್ನು ಇಳಿಸುತ್ತ ಬಂದೆ.
ಕಲಿಚಾ ಅಜ್ಜಿ ಮುಚ್ಚಳ ಹಿಡಿದು ಕೂತೇಬಿಟ್ಟಳು:
"ಕೊಟ್ಟದ್ದನ್ನು ಚೆಲ್ಲಿದರೆ ಕೊಟ್ಟವನ ಕೈ ಕರಗುತ್ತದೆ."
ಅದು ಆಗಲೇ, ಎನ್ನಹೋಗಿ ನುಂಗಿಕೊಂಡೆ.

ಪಟ್ಟಣದಿಂದ ಬಿಳಿ ಉಡುಪಿನವರು ಬಂದು ಡೀಸೆಲ್ ಸುರಿದು
ಚರ್ಮ, ಕೊಂಬು, ಕೊಟ್ಟಿಗೆಯ ಹುಲ್ಲು ಸುಟ್ಟರು. ಸುಣ್ಣ ಚೆಲ್ಲಿದರು.
ಎಲ್ಲಿ ಮೇಯುತ್ತಿತ್ತು, ಎಂದರು.
ಎಲ್ಲರೂ ಗುಡ್ಡದ ಕಡೆ ಕೈ ತೋರಿದರು, ಯಾರೂ ಬಾಯಿ ಬಿಡಲಿಲ್ಲ.
ಅಲ್ಲಿ ಸೋವಿಯತ್ ಕಾಲದಲ್ಲಿ ದನ ಹೂತ ಗುಂಡಿಯಿತ್ತು.
ಸುತ್ತ ಕಬ್ಬಿಣದ ಪೈಪಿನ ಬೇಲಿ, ತಲೆಬುರುಡೆ ಬರೆದ ಫಲಕ.
ದೇಶ ಮುರಿದ ಚಳಿಗಾಲ
ಪೈಪುಗಳು ಒಂದೊಂದಾಗಿ ಊರಿಗೆ ಇಳಿದುಬಂದವು.
ಮಣ್ಣಿನಲ್ಲಿದ್ದದ್ದು ಅಲ್ಲೇ ಉಳಿಯಿತು, ಹಸಿವಿಲ್ಲದೆ, ವಯಸ್ಸಾಗದೆ.
ನನ್ನ ಗೇಟೂ ಅದೇ ಪೈಪಿನದು. ಹಸಿರು ಬಣ್ಣ ಹೊಡೆಸಿದ್ದೇನೆ.

ಐದನೆಯ ದಿನ ಜೂರಾಕನ್ ಬಂದಳು, ಮಗಳನ್ನು ಎತ್ತಿಕೊಂಡು.
ಹುಡುಗಿಯ ರೆಪ್ಪೆ ಬಾತು ಕಣ್ಣೇ ಕಾಣುತ್ತಿಲ್ಲ,
ನಡುವೆ ಒಂದು ಕರಿ ಚುಕ್ಕೆ.
ಪಟ್ಟಿಯಲ್ಲಿ ಅವಳಿಲ್ಲ. ಇರುವ ಹಾಗೂ ಇರಲಿಲ್ಲ.
ಕಾಲುವೆ ನೀರಿನ ಜಗಳ: ತುರ್ದುಬೆಕ್ ಅವಳ ಗಂಡನ ಜೊತೆ ಮಾತು ಬಿಟ್ಟ,
ಗಂಡ ಸತ್ತಮೇಲೆ ಅವಳ ಜೊತೆ. ಒಟ್ಟು ಒಂಬತ್ತು ವರ್ಷ.
"ರಾತ್ರಿ ಯಾರೋ ಹೊಸ್ತಿಲಲ್ಲಿ ಬಕೆಟ್ ಇಟ್ಟುಹೋಗಿದ್ದರು.
ಲಿವರು, ಇಡಿಯಾಗಿ. ಇವಳೇ ತೊಳೆದಳು.
ಕಣ್ಣು ಉಜ್ಜಿಕೊಂಡಿರಬೇಕು."

ಇಂಜೆಕ್ಷನ್ ಚುಚ್ಚಿ, ಜೀಪು ಕರೆಸಿ, ಇಬ್ಬರನ್ನೂ ಹತ್ತಿಸಿ
ಬ್ಲೀಚಿಂಗ್ ಪುಡಿ ಹಿಡಿದು ಅವಳ ಮನೆಗೆ ನಡೆದೆ.
ಬಕೆಟ್ ಬಾಗಿಲಲ್ಲೇ ಇತ್ತು. ಬಿಳಿ ಎನಾಮಲ್, ನೀಲಿ ಅಂಚು,
ತುರ್ದುಬೆಕ್ಕನ ಬಾವಿಕಟ್ಟೆಯ ಮೇಲೆ ನೂರು ಸಲ ಕಂಡದ್ದು.
ಬಂದ ಪಾತ್ರೆ ಬರಿದಾಗಿ ಮರಳಬಾರದು ನಮ್ಮಲ್ಲಿ.
ಯಾರದೆಂದು ತಿಳಿಯದೆಯೂ ಅವಳು
ಒಣಗಿಸಿದ ಮೊಸರುಂಡೆ ಕಂಠಮಟ್ಟ ತುಂಬಿ
ಬಟ್ಟೆ ಮುಚ್ಚಿಟ್ಟಿದ್ದಳು.

ಹದಿನೆಂಟು, ಎಂದು ಬರೆದುಕೊಂಡೆ.
ಗ್ಲೌಸಿನ ಕೈಯಲ್ಲಿ ಒಂದು ಉಂಡೆ ಹಿಡಿದು
ಸ್ವಲ್ಪ ಹೊತ್ತು ನಿಂತಿದ್ದೆ,
ಆಮೇಲೆ ಪುಡಿ ಸುರಿದೆ.